ಆಗಸ್ಟ್ 15ರ ಪೈನ್ ಕಾಡಿನ ರೈಡ್‌ಗೆ ನನ್ನ ವೋಟು ‘ಬೇಡ’

1/11
ಗ್ರೂಪಲ್ಲಿ ಪೋಲ್ ಬಂದು ಮೂರು ದಿನ ಆಯ್ತು. ‘ಆಗಸ್ಟ್ 15. ಮಾರೆಮ್ಮಾ ಕರಾವಳಿ. ಪೈನ್ ಕಾಡಿನೊಳಗೆ ತ್ರಿವರ್ಣ ಸೈಕಲ್ ರೈಡ್. ಬೆಳಗ್ಗೆ 10ಕ್ಕೆ ಗ್ರೊಸ್ಸೆತೊದಿಂದ ಶುರು. ಲೆವೆಲ್: ಮಾಡರೇಟ್.’ ಹೌದು ಅಂದವರು 22 ಜನ. ಬೇಡ ಅಂದವರು ಒಬ್ಬರು. ಆ ಒಬ್ಬರು ನಾನೇ.

‘ಎಲ್ಲರೂ ಖುಷಿಯಾಗಿರೋವಾಗ ನಿಂದೇನು ಕೊಂಕು’ ಅಂತ ಡಿಎಂ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೆ ಉತ್ತರ ಬರೆಯೋ ಬದಲು ಇಲ್ಲೇ ಬರೀತಿದೀನಿ. ಉದ್ದ ಇದೆ, 11 ಪೋಸ್ಟ್. ಫೋಟೋ ನೋಡಿ ಲೈಕ್ ಒತ್ತಿ ಮುಂದೆ ಹೋಗೋರು ಹೋಗಿ, ಬೇಜಾರಿಲ್ಲ. ಸೈಕಲ್ ತರೋರು ಮಾತ್ರ ಪೂರ್ತಿ ಓದಿ.

ಊರಲ್ಲಿ ಕೂತು ಫಾಲೋ ಮಾಡ್ತಿರೋ ತಮ್ಮ ತಂಗಿಯರಿಗೆ: ನಾವು ಓದ್ತಿರೋದು ಇಟಲಿಯ ಪೀಸಾದಲ್ಲಿ. ಮಾರೆಮ್ಮಾ ಅಂದ್ರೆ ಟಸ್ಕನಿಯ ದಕ್ಷಿಣ ಕರಾವಳಿ, ಇಲ್ಲಿಂದ ರೀಜನಲ್ ಟ್ರೈನಲ್ಲಿ ಎರಡು ಗಂಟೆ ಆಸುಪಾಸು. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಪಕ್ಕದಲ್ಲಿ ಮರಳು ದಿಬ್ಬ, ಅದರ ಹಿಂದೆ ಛತ್ರಿ ಬಿಚ್ಚಿದ ಹಾಗೆ ನಿಂತಿರೋ ಪೈನ್ ಮರಗಳು. ಮೊದಲ ಫೋಟೋದಲ್ಲಿ ಕಾಣ್ತಿರೋದು ಅದೇ. ಹೌದು, ಅಷ್ಟು ಚೆನ್ನಾಗೇ ಇದೆ. ಫಿಲ್ಟರ್ ಹಾಕಿಲ್ಲ.

ಈ ದಾರಿಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ನೀವು ಹಾಕಿರೋ ಪ್ಲಾನಲ್ಲಿ ಹೋಗಬೇಡಿ ಅಂತಿದೀನಿ.

2/11
ಮೊದಲ ಜಗಳ ‘ಮಾಡರೇಟ್’ ಅನ್ನೋ ಪದದ ಮೇಲೆ.

ಆ ಲೇಬಲ್ ಹಾಕಿದ್ದು ನಿಮ್ಮಲ್ಲಿ ಯಾರೂ ಅಲ್ಲ, ಆ್ಯಪ್ ಹಾಕಿದ್ದು. ಅದು ಮುಖ್ಯವಾಗಿ ಎರಡು ಲೆಕ್ಕ ನೋಡುತ್ತೆ: ಎಷ್ಟು ಕಿಲೋಮೀಟರ್, ಎಷ್ಟು ಏರು. ಐವತ್ತು ಚಿಲ್ಲರೆ ಕಿ.ಮೀ., ನಡುವೆ ಒಂದಷ್ಟು ಗುಡ್ಡ, ಉಳಿದದ್ದು ಚಪ್ಪಟೆ. ಮಾಡರೇಟ್! ಏಪ್ರಿಲ್‌ನಲ್ಲೂ ಮಾಡರೇಟ್, ಆಗಸ್ಟ್‌ನಲ್ಲೂ ಮಾಡರೇಟ್. ಬೆಳಗ್ಗೆ ಏಳಕ್ಕೂ ಅದೇ, ಮಧ್ಯಾಹ್ನ ಎರಡಕ್ಕೂ ಅದೇ. ಒಬ್ಬನೇ ಹೋದರೂ ಅದೇ, 22 ಜನ ಹೋದರೂ ಅದೇ. ಎದುರುಗಾಳಿ ಬೀಸೋದು ಅದಕ್ಕೆ ಗೊತ್ತಾಗಲ್ಲ. ಪಕ್ಕದಲ್ಲಿ ಕ್ಯಾಂಪರ್ ವ್ಯಾನ್ ಸವರಿಕೊಂಡು ಹೋಗೋದೂ ಗೊತ್ತಾಗಲ್ಲ.

ನಮ್ಮ ಗ್ರೂಪಿಗೇ ಬನ್ನಿ. ಒಬ್ಬಳು ಸೈಕಲ್ ಕಲಿತು ಇನ್ನೂ ಎಂಟು ತಿಂಗಳು. ಒಬ್ಬ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಪೆಡಲ್ ಮುಟ್ಟಿಲ್ಲ. ಇನ್ನಿಬ್ಬರು ಬಾಡಿಗೆಗೆ ತರೋದು ಮೂರು ಗೇರಿನ ಸಿಟಿ ಬೈಕು, ಯಾಕಂದ್ರೆ ಸ್ಕಾಲರ್‌ಶಿಪ್ಪಿನ ಎರಡನೇ ಕಂತು ಬಂದಿಲ್ಲ. ಪ್ಲಾನ್ ಹಾಕಿದವರು ಮಾತ್ರ ಪ್ರತಿ ಭಾನುವಾರ 80 ಕಿ.ಮೀ. ಹೊಡೆಯೋ ಮೂವರು. ಅವರ ಕಾಲಿಗೆ ಮಾಡರೇಟ್ ಅನ್ನಿಸಿದ್ದು ಎಲ್ಲರಿಗೂ ಮಾಡರೇಟ್ ಹೇಗೆ ಆಗುತ್ತೆ?

ನನ್ನ ಲೆಕ್ಕ ಬೇರೆ. ಮಧ್ಯಮ ದಾರಿ ಅಂದ್ರೆ ಎಲ್ಲರಿಗಿಂತ ಹಿಂದೆ ಬರೋಳಿಗೆ ತಡೆಯಬೇಕು, ರಸ್ತೆಗೆ ತಡೆಯಬೇಕು, ಆ ಕಾಡಿಗೂ ತಡೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಹೆಸರು ಇಡಬೇಡಿ.

3/11
ಈಗ ದಿನಾಂಕ.

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಇಲ್ಲಿಯವರಿಗೆ ಫೆರ್ರಾಗೊಸ್ತೊ. ರೋಮನ್ ಚಕ್ರವರ್ತಿ ಆಗಸ್ಟಸ್ ಕಾಲದ ರಜೆಯಿಂದ ಬಂದ ಹೆಸರು. ಇವತ್ತಿನ ಇಟಲಿಯಲ್ಲಿ ಅದರ ಅರ್ಥ ಒಂದೇ: ದೇಶಕ್ಕೆ ದೇಶವೇ ಸಮುದ್ರದ ಕಡೆ ಹೊರಡೋ ದಿನ. ನೀವು ಹೋಗಬೇಕು ಅಂತಿರೋ ಫೊಲ್ಲೊನಿಕಾ, ಕಾಸ್ತಿಲ್ಯೋನೆ ದೆಲ್ಲಾ ಪೆಸ್ಕಾಯಾ, ಮರೀನಾ ದಿ ಗ್ರೊಸ್ಸೆತೊ ಮೂರೂ ಆ ಜನ ಹೋಗೋ ಊರುಗಳೇ.

ಕಾಸ್ತಿಲ್ಯೋನೆಯಿಂದ ಫೊಲ್ಲೊನಿಕಾ ಕಡೆಗೆ ಪೂರ್ತಿ ಕಾಡಿನ ದಾರಿ ಇಲ್ಲ ಸ್ವಾಮಿ. ರೀಲ್‌ನಲ್ಲಿ ಆ ಭಾಗ ಕಟ್ ಮಾಡಿರ್ತಾರೆ. ನಡುವೆ ಒಂದಷ್ಟು ದೂರ 158ನೇ ಪ್ರಾಂತ್ಯ ರಸ್ತೆಗೆ ಬರಲೇಬೇಕು. ಸ್ಥಳೀಯರು ಅದಕ್ಕೆ ಕೊಲ್ಲಾಕ್ಕಿಯೆ ರಸ್ತೆ ಅಂತಾರೆ. ಕಿರಿದು, ತಿರುವು, ಏರಿಳಿತ, ಬಿಳಿ ಗೆರೆ ದಾಟಿದ ತಕ್ಷಣ ಹುಲ್ಲು. ಅಕ್ಟೋಬರಲ್ಲಿ ಅದು ಆರಾಮದ ರಸ್ತೆ. ಫೆರ್ರಾಗೊಸ್ತೊ ದಿನ ಕ್ಯಾಂಪರ್ ವ್ಯಾನು, ಮೇಲೆ ದೋಣಿ ಕಟ್ಟಿಕೊಂಡ ಕಾರು, ಪಾರ್ಕಿಂಗ್ ಸಿಗದೆ ಸಿಟ್ಟಾಗಿರೋ ಅಪ್ಪಂದಿರು. ಊರಾಚೆ ಸೈಕಲ್‌ಗಳು ಒಂದರ ಹಿಂದೆ ಒಂದೇ ಸಾಲಾಗಿ ಹೋಗಬೇಕು ಅಂತ ಇಲ್ಲಿನ ಟ್ರಾಫಿಕ್ ಕಾನೂನು. 22 ಸೈಕಲ್ ಒಂದೇ ಸಾಲು ಅಂದ್ರೆ ಎಷ್ಟು ಉದ್ದ ಅಂತ ಯೋಚನೆ ಮಾಡಿ. ಅದನ್ನ ಓವರ್‌ಟೇಕ್ ಮಾಡೋಕೆ ಹೋಗೋ ಕಾರು, ಎದುರಿಂದ ಬರೋ ಇನ್ನೊಂದು, ಸಾಲಿನ ಕೊನೆಯಲ್ಲಿ ಎಂಟು ತಿಂಗಳ ಹಿಂದೆ ಸೈಕಲ್ ಕಲಿತ ಹುಡುಗಿ. ಹ್ಯಾಂಡಲ್‌ಗೆ ಬಾವುಟ ಬೇರೆ.

ಸ್ವಾತಂತ್ರ್ಯ ದಿನಕ್ಕೆ ನನಗೂ ಅಭಿಮಾನ ಇದೆ ಗುರು. ಅದಕ್ಕೇ ಹೇಳ್ತಿರೋದು.

4/11
ಇದನ್ನ ಊರಲ್ಲಿರೋ ಹಿಸ್ಟರಿ ಪ್ರಿಯರಿಗೋಸ್ಕರ ಸೇರಿಸ್ತಿದೀನಿ. ಉಳಿದವರೂ ಓದಿ, ಮಜಾ ಇದೆ.

ಮಾರೆಮ್ಮಾ ಮೊದಲು ಜೌಗು ನೆಲ. ಮಲೇರಿಯಾದ ಮನೆ. ಬೇಸಿಗೆ ಬಂತು ಅಂದ್ರೆ ಇಲ್ಲಿ ಇರಬಾರದು ಅನ್ನೋದು ಎಷ್ಟು ಗಟ್ಟಿಯಾಗಿತ್ತು ಅಂದ್ರೆ, ಗ್ರೊಸ್ಸೆತೊ ಪಟ್ಟಣದ ಸರ್ಕಾರಿ ಕಚೇರಿಗಳೇ ಗಂಟು ಮೂಟೆ ಕಟ್ಟಿಕೊಂಡು ಗುಡ್ಡದ ಮೇಲಿನ ಸ್ಕಾನ್ಸಾನೊ ಊರಿಗೆ ಹೋಗ್ತಿದ್ದವು. ಅದಕ್ಕೊಂದು ಹೆಸರೂ ಇತ್ತು, ‘ಎಸ್ತತಾತೂರಾ’. ಆ ಪದ್ಧತಿ ನಿಂತಿದ್ದು 1897ರಲ್ಲಿ. ಎಲ್ಬಾ ದ್ವೀಪದ ಕಬ್ಬಿಣದ ಅದಿರು ಕರಗಿಸ್ತಿದ್ದ ಫೊಲ್ಲೊನಿಕಾದ ಕುಲುಮೆ ಕೆಲಸಗಾರರೂ ಬೇಸಿಗೆಯಲ್ಲಿ ಊರು ಬಿಡ್ತಿದ್ದರು.

ಅಂದ್ರೆ ಈ ನೆಲದ ಮಕ್ಕಳೇ ತಲೆತಲಾಂತರ ಆಗಸ್ಟಲ್ಲಿ ಇಲ್ಲಿಂದ ಓಡಿ ಹೋಗ್ತಿದ್ದರು. ನಾವು ಅದೇ ಆಗಸ್ಟಲ್ಲಿ, ಬೆಳಗ್ಗೆ ಹತ್ತಕ್ಕೆ, ಸೈಕಲ್ ತಗೊಂಡು ಬರ್ತೀವಿ ಅಂತಿದೀವಿ! ಈಗ ಸೊಳ್ಳೆ ಜ್ವರ ಇಲ್ಲ, 1970ರಲ್ಲಿ ಇಟಲಿ ಮಲೇರಿಯಾ ಮುಕ್ತ ಅಂತ ಘೋಷಣೆ ಆಯ್ತು. ಬಿಸಿಲು ಮಾತ್ರ ಎಲ್ಲೂ ಹೋಗಿಲ್ಲ. ಆಗಸ್ಟ್ ಮಧ್ಯಾಹ್ನ 30 ಡಿಗ್ರಿ ದಾಟೋದು ಮಾಮೂಲು, 35 ಮುಟ್ಟೋ ದಿನಗಳೂ ಇವೆ. ‘ನಾವು ರಾಯಚೂರಿನವರು, ಇದೆಲ್ಲ ಏನು ಲೆಕ್ಕ’ ಅಂತ ಕಾಮೆಂಟ್ ಹಾಕೋ ಮುಂಚೆ ಒಂದು ಮಾತು. ರಾಯಚೂರಲ್ಲಿ ನೀವು ಮೇ ತಿಂಗಳ ಮಧ್ಯಾಹ್ನ ಐವತ್ತು ಕಿಲೋಮೀಟರ್ ಸೈಕಲ್ ಹೊಡೀತಿದ್ರಾ? ಅಜ್ಜಿ ಬಾಗಿಲು ಹಾಕಿ ಮಲಗಿಸ್ತಿದ್ದರು ಅಲ್ವಾ?

5/11
ಮೂರನೇ ಫೋಟೋ ಜೂಮ್ ಮಾಡಿ. ನೆಲದ ಮೇಲೆ ಕಂದು ಬಣ್ಣದ ಹಾಸಿಗೆ ಇದೆಯಲ್ಲ, ಅದು ಉದುರಿದ ಪೈನ್ ಸೂಜಿಗಳು. ಮೇ ಕಳೆದ ಮೇಲೆ ತಿಂಗಳುಗಟ್ಟಲೆ ಸರಿಯಾಗಿ ಮಳೆ ಇರಲ್ಲ. ಈ ಹಾಸಿಗೆ ಒಣಗಿ ಗರಗರ ಅನ್ನುತ್ತೆ, ಒಳಗೆ ಅಂಟಿನಂಥ ರಾಳ. ಒಂದು ಸಿಗರೇಟಿನ ತುಂಡು ಸಾಕು. ಮಧ್ಯಾಹ್ನದ ಸಮುದ್ರಗಾಳಿ ಉಳಿದ ಕೆಲಸ ಮಾಡುತ್ತೆ.

ನಾನು ಹೆದರಿಸ್ತಿಲ್ಲ. ಪೀಸಾದಲ್ಲಿ ಇರೋರು ಕಿಟಕಿಯಿಂದ ಮೊಂತೆ ಪಿಸಾನೊ ಗುಡ್ಡ ನೋಡಿ. 2018ರ ಸೆಪ್ಟೆಂಬರಲ್ಲಿ ಅಲ್ಲಿ ಹತ್ತಿದ ಬೆಂಕಿ ಸಾವಿರ ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತು, ನೂರಾರು ಜನ ಮನೆ ಬಿಟ್ಟು ಹೊರಬಂದರು. 2022ರ ಜುಲೈನಲ್ಲಿ ಮಸ್ಸರೋಸಾ. ಎರಡೂ ನಮ್ಮ ಕಾಲೇಜಿಂದ ದೂರ ಇಲ್ಲ. ಜುಲೈ, ಆಗಸ್ಟ್ ಎರಡು ತಿಂಗಳು ಟಸ್ಕನಿಯಲ್ಲಿ ರೈತ ತನ್ನ ಹೊಲದ ಕಸ ಸುಡೋದಕ್ಕೂ ನಿಷೇಧ. ಗ್ರೊಸ್ಸೆತೊದ ದಕ್ಷಿಣಕ್ಕೆ ಇರೋ ಮಾರೆಮ್ಮಾ ಪ್ರಾದೇಶಿಕ ಉದ್ಯಾನದಲ್ಲಿ ಬೇಸಿಗೆ ಬಂದರೆ ಕಾಲುದಾರಿಗಳಿಗೂ ಕಡಿವಾಣ.

ನಿಮ್ಮ ಪ್ಲಾನಲ್ಲಿ ಬರೆದಿದ್ದೀರಿ: ‘ಲಂಚ್‌ಗೆ ಕಾಡಲ್ಲಿ ಮ್ಯಾಗಿ, ಪೋರ್ಟಬಲ್ ಸ್ಟವ್ ನಾನು ತರ್ತೀನಿ.’

ಅದನ್ನ ಬರೆದವನಿಗೆ ನನ್ನ ಮೇಲೆ ಸಿಟ್ಟು ಬಂದರೂ ಪರವಾಗಿಲ್ಲ. ಸ್ಟವ್ ರೂಮಲ್ಲೇ ಇರಲಿ. ಅಕ್ಟೋಬರಲ್ಲಿ ಹೋದರೂ ರೂಮಲ್ಲೇ ಇರಲಿ.

6/11
‘ಅನ್‌ಟಚ್ಡ್ ನೇಚರ್’, ‘ಯಾರೂ ಮುಟ್ಟದ ಕಾಡು’. ಕಳೆದ ತಿಂಗಳು ಇಂಥ ಕ್ಯಾಪ್ಶನ್ ಹದಿನೈದಾದರೂ ನೋಡಿದೀನಿ. ಸುಳ್ಳು ಅದು. ಚಂದದ ಸುಳ್ಳಲ್ಲ, ಕಾಡು ಹಾಳು ಮಾಡೋ ಸುಳ್ಳು.

ಈ ಛತ್ರಿ ಪೈನ್‌ಗೆ ಇಟಾಲಿಯನ್ ಹೆಸರೇನು ಗೊತ್ತಾ? ಪೀನೊ ದೊಮೆಸ್ತಿಕೊ. ದೊಮೆಸ್ತಿಕೊ ಅಂದ್ರೆ ಸಾಕಿದ್ದು, ಮನೆಯದು. ಹೆಸರಲ್ಲೇ ಇದೆ. ಲೊರೇನ್ ಮನೆತನದ ಮಹಾಡ್ಯೂಕರ ಕಾಲದಲ್ಲಿ ಜೌಗು ಬತ್ತಿಸಿ ಹೊಲ ಮಾಡೋ ಕೆಲಸ ನಡೆಯಿತು. 1760ರ ದಶಕದಲ್ಲಿ ಲೆಯೊನಾರ್ದೊ ಶಿಮೆನೆಸ್ ಅನ್ನೋ ಜೆಸ್ಯೂಟ್ ಪಾದ್ರಿ-ಎಂಜಿನಿಯರ್ ಕಾಸ್ತಿಲ್ಯೋನೆ ಹತ್ತಿರ ತೂಬಿನ ಮನೆ ಕಟ್ಟಿಸಿದ. ಕೆಂಪು ಬಣ್ಣದ ಆ ಕಾಸಾ ರೊಸ್ಸಾ ಈಗಲೂ ನೀರಿನ ಮೇಲೆ ನಿಂತಿದೆ, ಐದನೇ ಫೋಟೋ. 1828ರಿಂದ ಎರಡನೇ ಲಿಯೊಪೋಲ್ಡ್ ಇನ್ನೂ ದೊಡ್ಡದಾಗಿ ಕೆಲಸ ಶುರು ಮಾಡಿಸಿದ. ಹೊಲಕ್ಕೆ ಉಪ್ಪುಗಾಳಿ ಬಡಿಯಬಾರದು ಅಂತ ಸಮುದ್ರದ ಅಂಚಿಗೆ ಪೈನ್ ಸಾಲು ಹಾಕಿದರು. ಕುಂದಾಪುರ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ, ನಿಮ್ಮ ಕಡಲ ದಂಡೆಯ ಗಾಳಿಮರದ ತೋಪು ಇದ್ದ ಹಾಗೆ.

ಯಾರೂ ಮುಟ್ಟಿಲ್ಲ ಅಂದುಕೊಂಡರೆ ‘ನಾನು ಒಬ್ಬ ಮುಟ್ಟಿದರೆ ಏನಾಯ್ತು’ ಅನ್ನಿಸುತ್ತೆ. ಯಾರೋ ಗುಂಡಿ ತೋಡಿ, ಸಸಿ ಇಟ್ಟು, ಜ್ವರದಲ್ಲಿ ನಡುಗುತ್ತಾ ಕಾದು ಬೆಳೆಸಿದ್ದು ಅಂತ ಗೊತ್ತಿದ್ದರೆ ಹಾಗೆ ಅನ್ನಿಸಲ್ಲ. ಒಂದು ಪೈನ್ ಕಾಯಿ ಬಲಿಯೋಕೆ ಮೂರು ವರ್ಷ ಬೇಕು. ನಮ್ಮ ಇಡೀ ಮಾಸ್ಟರ್ಸ್ ಕೋರ್ಸ್ ಎರಡು ವರ್ಷ.

7/11
‘ಹಿಡನ್ ಟ್ರೇಲ್’ ಬಗ್ಗೆ. ಲೊಕೇಶನ್ ಪಿನ್ ಹಾಕೋರೇ, ಇದು ನಿಮಗೆ.

ಪೈನ್ ಸಾಲಿಗೂ ಸಮುದ್ರಕ್ಕೂ ನಡುವೆ ಇರೋ ಮರಳು ದಿಬ್ಬ ಖಾಲಿ ಜಾಗ ಅಲ್ಲ. ಅದರ ಮೇಲಿನ ಒರಟು ಹುಲ್ಲು, ಮುಳ್ಳು ಪೊದೆ, ತಗ್ಗಿನ ಜುನಿಪರ್ ಗಿಡಗಳ ಬೇರು ಮರಳನ್ನ ಹಿಡಿದು ನಿಲ್ಲಿಸಿದೆ. ಮೊದಲು ಒಬ್ಬ ಸೈಕಲ್ ಹತ್ತಿಸ್ತಾನೆ. ಟೈರ್ ಹೋದ ಕಡೆ ಹುಲ್ಲು ಸಾಯುತ್ತೆ. ಎರಡನೆಯವನಿಗೆ ಅದು ‘ದಾರಿ’ ಥರ ಕಾಣುತ್ತೆ. ಹತ್ತನೆಯವನು ಅದನ್ನ ರೆಕಾರ್ಡ್ ಮಾಡಿ ಆ್ಯಪ್‌ಗೆ ಹಾಕ್ತಾನೆ. ಆಮೇಲೆ ಆ ಸಂದಿಯಲ್ಲಿ ಗಾಳಿ ನುಗ್ಗಿ ಮರಳು ತೋಡಿ ಹಾಕುತ್ತೆ, ಉಪ್ಪುಗಾಳಿ ನೇರವಾಗಿ ಪೈನ್‌ಗೆ ಹೊಡೆಯುತ್ತೆ, ಮುಂದಿನ ಸಾಲಿನ ಮರಗಳ ಎಲೆ ಕೆಂಪಾಗುತ್ತೆ. ಫ್ರಾತೀನೊ ಅಂತ ಒಂದು ಪುಟ್ಟ ಹಕ್ಕಿ ವಸಂತದಿಂದ ಬೇಸಿಗೆವರೆಗೆ ಅದೇ ಮರಳಲ್ಲಿ, ಗೂಡು ಗೀಡು ಇಲ್ಲದೆ, ಬರೀ ಗುಳಿಯಲ್ಲಿ ಮೊಟ್ಟೆ ಇಡುತ್ತೆ. ಮರಳಿನ ಬಣ್ಣದ್ದೇ ಮೊಟ್ಟೆ. ಸೈಕಲ್ ಮೇಲೆ ಕೂತವನಿಗೆ ಕಾಣಲ್ಲ.

ಇನ್ನು ಕಾಲಾ ವಿಯೊಲೀನಾ. ಅಲ್ಲಿ ನಡೆದರೆ ಮರಳಿನ ಸ್ಫಟಿಕದ ಕಣಗಳು ಉಜ್ಜಿ ಪಿಟೀಲು ಥರ ಸದ್ದು ಬರುತ್ತೆ, ಅದಕ್ಕೇ ಆ ಹೆಸರು. ಆ ಸದ್ದು ಕೇಳೋಕೆ ಎಷ್ಟು ಜನ ಬಂದರು ಅಂದ್ರೆ, ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ 700 ಜನಕ್ಕೆ ಮಾತ್ರ ಪ್ರವೇಶ, ಮೊದಲೇ ಬುಕ್ ಮಾಡಬೇಕು. ನಿಮ್ಮ ಪೋಲಲ್ಲಿ ‘ವಿಯೊಲೀನಾ ಸ್ಟಾಪ್, 1 ಗಂಟೆ’ ಅಂತಿದೆ. ಬುಕಿಂಗ್ ಮಾತೇ ಇಲ್ಲ. 22 ಜನ ಗೇಟಲ್ಲಿ ನಿಂತು ಏನು ಮಾಡ್ತೀರಿ, ಜೈ ಹಿಂದ್ ಅಂತೀರಾ?

8/11
ನಿಮ್ಮ ವಾದಗಳು, ಡಿಎಂನಲ್ಲಿ ಬಂದ ಕ್ರಮದಲ್ಲೇ.

‘ಕಾಡು ಎಲ್ಲರದ್ದೂ, ನೀನ್ಯಾರು ಹೇಳೋಕೆ?’ ಎಲ್ಲರದ್ದು ನಿಜ. ಹಾಗಾಗಿ ನಿನ್ನೊಬ್ಬನ ರೀಲ್‌ಗೆ ಬರ್ಕೊಟ್ಟಿಲ್ಲ.

‘ಇಟಾಲಿಯನ್ನರೇ ಆಗಸ್ಟಲ್ಲಿ ಹೋಗ್ತಾರೆ.’ ಹೋಗ್ತಾರೆ, ಮರಳಲ್ಲಿ ಛತ್ರಿ ಕೆಳಗೆ ಮಲಗೋಕೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಊರಲ್ಲಿ ಅಂಗಡಿ ಬಾಗಿಲು ಹಾಕೋ ಜನ ಅವರು. ಆ ಹೊತ್ತಲ್ಲಿ ಕೊಲ್ಲಾಕ್ಕಿಯೆ ರಸ್ತೆಯ ಏರಿನಲ್ಲಿ ಸೈಕಲ್ ತುಳೀತಾ ಕಾಣೋದು ಟೂರಿಸ್ಟ್‌ಗಳು ಮಾತ್ರ.

‘ನಮಗೆ ರಜೆ ಸಿಗೋದೇ ಆವತ್ತು.’ ಇದಕ್ಕೆ ಮಾತ್ರ ನಾನು ನಗಲ್ಲ. ರೆಸ್ಟೋರೆಂಟ್‌ನಲ್ಲಿ, ಗೋದಾಮಿನಲ್ಲಿ ಪಾರ್ಟ್ ಟೈಮ್ ಮಾಡ್ತಿರೋ ನಾಲ್ಕೈದು ಜನಕ್ಕೆ ವರ್ಷದಲ್ಲಿ ಪೂರ್ತಿ ಖಾಲಿ ಸಿಗೋ ದಿನ ಕಡಿಮೆ. ಅವರನ್ನ ಬಿಟ್ಟು ಅಕ್ಟೋಬರ್ ಅಕ್ಟೋಬರ್ ಅನ್ನೋದು ಸುಲಭ. ಹಾಗಾಗಿ ಆಗಸ್ಟ್ 15ಕ್ಕೂ ನನ್ನ ಹತ್ತಿರ ಒಂದು ದಾರಿ ಇದೆ. ಬೆಳಗ್ಗೆ ಯಾರದಾದರೂ ರೂಮಲ್ಲಿ ಬಾವುಟ, ಉಪ್ಪಿಟ್ಟು, ಕೇಸರಿಬಾತು. ಸಂಜೆ ಆರೂವರೆಗೆ ಪೀಸಾದಿಂದ ಮರೀನಾ ದಿ ಪೀಸಾಗೆ ಸೈಕಲ್. ಹಳೇ ಟ್ರಾಮ್ ಹಳಿ ಇದ್ದ ಜಾಗದಲ್ಲೇ ಈಗ ಸೈಕಲ್ ದಾರಿ, ‘ತ್ರಮ್ಮೀನೊ’ ಅಂತಾರೆ. ಹತ್ತು ಕಿ.ಮೀ. ಆಸುಪಾಸು, ಪೂರ್ತಿ ಚಪ್ಪಟೆ. ಟ್ರೈನ್ ಬೇಡ, ಟಿಕೆಟ್ ಬೇಡ, ಮೂರು ಗೇರಿನ ಸೈಕಲ್ಲೂ ಸಾಕು. ಎಂಟು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗೋದು. ಬರುವಾಗ ಲೈಟ್ ಹಾಕ್ಕೊಳ್ಳಿ. ಬಟ್ಟೆಯ ಬಾವುಟ ತನ್ನಿ, ಪ್ಲಾಸ್ಟಿಕ್‌ದು ಬೇಡ.

9/11
ಈಗ ನನ್ನ ಪ್ಲಾನು. ಟೀಕೆ ಮಾಡಿದವರು ಬದಲಿ ಕೊಡಬೇಕು ಅಲ್ವಾ.

ದಿಕ್ಕು ತಿರುಗಿಸಿ. ನೀವು ಗ್ರೊಸ್ಸೆತೊದಿಂದ ಫೊಲ್ಲೊನಿಕಾಗೆ ಅಂದಿದ್ದೀರಿ. ನಾನು ಫೊಲ್ಲೊನಿಕಾದಿಂದ ಗ್ರೊಸ್ಸೆತೊಗೆ ಅಂತೀನಿ. ಮಧ್ಯಾಹ್ನದ ಗಾಳಿ ಇಲ್ಲಿ ಹೆಚ್ಚಾಗಿ ಪಶ್ಚಿಮ, ವಾಯುವ್ಯದಿಂದ ಬರುತ್ತೆ, ಮಾಯೆಸ್ತ್ರಾಲೆ ಅಂತ ಹೆಸರು. ನಿಮ್ಮ ದಿಕ್ಕಲ್ಲಿ ಅದು ಎದೆಗೆ ಹೊಡೆಯುತ್ತೆ, ಗುಡ್ಡಗಳು ಬರೋದೂ ಕೊನೆಗೆ, ಕಾಲು ಸತ್ತ ಮೇಲೆ. ನನ್ನ ದಿಕ್ಕಲ್ಲಿ ಗುಡ್ಡ ಬೆಳಗ್ಗೆ ತಂಪಲ್ಲಿ ಮುಗಿಯುತ್ತೆ, ಕೊನೆಯ ಇಪ್ಪತ್ತು ಚಿಲ್ಲರೆ ಕಿ.ಮೀ. ಚಪ್ಪಟೆ, ಗಾಳಿ ಬೆನ್ನಿಗೆ. ದೂರ ಅದೇ, ಏರು ಅದೇ, ಆ್ಯಪಿನ ಲೇಬಲ್ಲೂ ಅದೇ. ಹಿಂದೆ ಬರೋಳಿಗೆ ಮಾತ್ರ ಇದು ಬೇರೆ ರೈಡು.

ಫೊಲ್ಲೊನಿಕಾ ಸ್ಟೇಷನ್ನಿಂದ ಸಮುದ್ರದ ಕಡೆ ಇಳಿದು, ಊರಾಚೆಯ ಪೈನ್ ತೋಪಿನ ಅಂಚಲ್ಲಿ ಪುಂತೋನೆವರೆಗೆ ಆರೇಳು ಕಿ.ಮೀ. ಮೈ ಬಿಸಿ ಆಗೋಕೆ ಸರಿಯಾದ ದೂರ. ಅಲ್ಲಿಂದ ಸ್ಕಾರ್ಲಿನೊ ಕರಾವಳಿಯ ಮಣ್ಣುದಾರಿ: ಬಲಕ್ಕೆ ಸಮುದ್ರ, ಎಡಕ್ಕೆ ಪೈನ್ ಮತ್ತು ಓಕ್ ಗುಡ್ಡ, ಸಣ್ಣ ಸಣ್ಣ ಏರಿಳಿತ. ಕಾಲಾ ಮಾರ್ತೀನಾ ಹತ್ತಿರ ಗರಿಬಾಲ್ಡಿ ಸ್ಮಾರಕ ಇದೆ. 1849ರ ಸೆಪ್ಟೆಂಬರ್ 2ರಂದು, ಬೆನ್ನಟ್ಟಿದ ಸೈನಿಕರಿಂದ ತಪ್ಪಿಸಿಕೊಂಡು ಅವನು ಮೀನುಗಾರರ ದೋಣಿ ಹತ್ತಿದ್ದು ಇಲ್ಲೇ. ಹೆಂಡತಿ ಅನೀತಾ ಸತ್ತು ಆಗಿನ್ನೂ ಒಂದು ತಿಂಗಳು ಆಗಿತ್ತು ಅಷ್ಟೇ. ಹತ್ತು ನಿಮಿಷ ಕೂರಿ. ಇದಾದ ಮೇಲೆ ವಿಯೊಲೀನಾ. ಸೈಕಲ್ ಮೇಲೇ ನಿಲ್ಲಿಸಿ, ನಡೆದು ಇಳಿಯಿರಿ. ಈ ಮಣ್ಣುದಾರಿಯಲ್ಲಿ ಅಂಗಡಿ ಇಲ್ಲ, ತಲೆಗೆ ಎರಡು ಲೀಟರ್ ನೀರು.

10/11
ವಿಯೊಲೀನಾ ದಾಟಿ ಪಿಯಾನ್ ದಾಲ್ಮಾ ಕಡೆ ಹೊರಬಿದ್ದರೆ ಕೊಲ್ಲಾಕ್ಕಿಯೆ ರಸ್ತೆ. ಇಲ್ಲಿ ಫೋಟೋ ಇಲ್ಲ, ವಿಡಿಯೋ ಇಲ್ಲ, ಒಂದೇ ಸಾಲು, ನಾಲ್ಕೈದು ಸೈಕಲ್‌ಗೆ ಒಂದು ಗುಂಪು, ಗುಂಪಿನ ನಡುವೆ ಕಾರು ನುಗ್ಗುವಷ್ಟು ಅಂತರ. ಹೆಲ್ಮೆಟ್ ಇಲ್ಲಿ ಸೈಕಲ್‌ಗೆ ಕಾನೂನಿನಲ್ಲಿ ಕಡ್ಡಾಯ ಅಲ್ಲ. ನನ್ನ ರೈಡ್‌ನಲ್ಲಿ ಕಡ್ಡಾಯ.

ಕಾಸ್ತಿಲ್ಯೋನೆ ಹತ್ತಿರ ಆಗ್ತಿದ್ದ ಹಾಗೆ ರೊಕ್ಕಾಮಾರೆ ಪೈನ್ ತೋಪು. ಇಟಾಲೊ ಕಾಲ್ವಿನೊ ಮನೆ ಇದ್ದದ್ದು ಇಲ್ಲಿ. ಮರ ಹತ್ತಿ ಮತ್ತೆ ಕೆಳಗಿಳಿಯದ ಹುಡುಗನ ಕಾದಂಬರಿ ಬರೆದವನು. 1985ರ ಸೆಪ್ಟೆಂಬರಲ್ಲಿ ಸಿಯೆನಾದಲ್ಲಿ ತೀರಿಕೊಂಡ, ಸಮಾಧಿ ಕಾಸ್ತಿಲ್ಯೋನೆ ಗುಡ್ಡದ ಮೇಲಿದೆ. ತೋಪಿನೊಳಗೆ ಖಾಸಗಿ ಮನೆಗಳು, ಒಳಗೆ ನುಗ್ಗಬೇಡಿ. ಸಮಾಧಿಗೆ ಹೋಗಬಹುದು, ದುಡ್ಡಿಲ್ಲ.

ಕಾಸ್ತಿಲ್ಯೋನೆಯಲ್ಲಿ ಊಟ, ಒಂದು ಗಂಟೆಗೆ ಮುಂಚೆ. ಆಮೇಲೆ ನೀವೆಲ್ಲ ಕಾಯ್ತಿರೋ ಭಾಗ: ಮರೀನಾ ದಿ ಗ್ರೊಸ್ಸೆತೊವರೆಗೆ ಹತ್ತು ಕಿ.ಮೀ. ಆಸುಪಾಸು ತೊಂಬೊಲೊ ಪೈನ್ ಕಾಡಿನ ಸೈಕಲ್ ದಾರಿ. ನೆರಳು, ರಾಳದ ವಾಸನೆ, ಎಡಗಡೆ ಎಲ್ಲೋ ದಿಯಾಚ್ಚಾ ಬೊತ್ರೋನಾ ಜೌಗಿನ ಹಕ್ಕಿಗಳು. ಆದ್ರೆ ಕಣ್ಣು ನೆಲದ ಮೇಲಿರಲಿ. ಈ ಪೈನ್‌ನ ಬೇರು ಮೇಲ್ಮಟ್ಟದಲ್ಲೇ ಹರಡಿ ಡಾಂಬರನ್ನ ಎತ್ತಿ ಹಾಕುತ್ತೆ. ಊರ ರಸ್ತೆಯ ಹಂಪ್‌ಗೆ ಬೋರ್ಡ್ ಆದರೂ ಇರುತ್ತೆ, ಇದಕ್ಕೆ ಇಲ್ಲ. 25 ಮಿ.ಮೀ.ನ ರೇಸ್ ಟೈರ್ ತರಬೇಡಿ, 35ಕ್ಕಿಂತ ಮೇಲಿರಲಿ. ಮಳೆ ಬಿದ್ದ ಮಾರನೇ ದಿನ ತಿರುವಿನಲ್ಲಿ ಒದ್ದೆ ಸೂಜಿ ಎಲೆ ಸೋಪಿನ ಹಾಗೆ ಜಾರುತ್ತೆ, ಬ್ರೇಕನ್ನ ತಿರುವಿಗೆ ಮುಂಚೆ ಹಿಡೀರಿ. ಮರೀನಾದಿಂದ ಗ್ರೊಸ್ಸೆತೊ ಸ್ಟೇಷನ್‌ಗೆ ಇನ್ನೊಂದು ಹನ್ನೆರಡು ಕಿ.ಮೀ., ಅದಕ್ಕೂ ಸೈಕಲ್ ದಾರಿ ಇದೆ. ಒಟ್ಟು 50ರಿಂದ 60 ಕಿ.ಮೀ. ನಡುವೆ. ಸಾಕಾದವರು ಕಾಸ್ತಿಲ್ಯೋನೆಯಲ್ಲೇ ನಿಧಾನ ಮಾಡಲಿ, ನಾಚಿಕೆ ಏನಿಲ್ಲ.

11/11
ಯಾವಾಗ? ಅಕ್ಟೋಬರ್ ಮೊದಲ ಶುಕ್ರವಾರ.

ಯಾಕೆ ಶುಕ್ರವಾರ ಅಂದ್ರೆ, ಆ ಹೊತ್ತಿಗೆ ಬೇಟೆಯ ಸೀಸನ್ ಶುರುವಾಗಿರುತ್ತೆ. ಇಟಲಿಯಾದ್ಯಂತ ಮಂಗಳವಾರ ಮತ್ತು ಶುಕ್ರವಾರ ಬೇಟೆಗೆ ನಿಷೇಧ. ಗುಡ್ಡದ ದಾರಿಯಲ್ಲಿ ಕಾಡುಹಂದಿ ಹೊಡೆಯೋರ ಬಂದೂಕಿನ ಸದ್ದು ಕೇಳ್ತಾ ಸೈಕಲ್ ತುಳಿಯೋದು ಯಾರಿಗೆ ಬೇಕು. ನಮ್ಮ ಬ್ಯಾಚ್‌ಗೆ ಶುಕ್ರವಾರ ಕ್ಲಾಸೂ ಇಲ್ಲ. ವಿಯೊಲೀನಾಗೆ ಆಗ ಬುಕಿಂಗ್ ಬೇಕಿಲ್ಲ. ಸಂಜೆ ಏಳರ ಹತ್ತಿರದವರೆಗೆ ಬೆಳಕು.

‘ರಾಜ್ಯೋತ್ಸವಕ್ಕೆ ಇಡೋಣ, ನವೆಂಬರ್ 1 ಇಲ್ಲೂ ರಜೆ’ ಅಂತ ಒಬ್ಬರು ಕೇಳಿದ್ದಾರೆ. ಆಗಸ್ಟ್‌ಗಿಂತ ಸಾವಿರ ಪಾಲು ಒಳ್ಳೆಯದು. ಆದ್ರೆ ಆಗ ಐದು ಗಂಟೆಗೇ ಕತ್ತಲು, ಮಳೆಗಾಲ ಬೇರೆ. ಕೆಂಪು ಹಳದಿ ಬಾವುಟ ಹಿಡಿದು ಮರೀನಾ ದಿ ಪೀಸಾಗೆ ಹೋಗೋಣ, ಅದಕ್ಕೆ ನಾನು ರೆಡಿ. ವಸಂತದಲ್ಲಿ ಹೋಗೋರಿಗೆ ಒಂದು ಎಚ್ಚರಿಕೆ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪೈನ್ ಮರದಿಂದ ಕಂಬಳಿಹುಳುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಮೆರವಣಿಗೆಯಲ್ಲಿ ಇಳಿಯುತ್ತವೆ. ಕ್ಯೂಟ್ ಅಂತ ಮುಟ್ಟಿದರೆ ಮೈಯೆಲ್ಲ ದದ್ದು, ಕೂದಲು ಕಣ್ಣಿಗೆ ಹೋದರೆ ಆಸ್ಪತ್ರೆ.

ಟ್ರೈನು: ಸೈಕಲ್ ಚಿಹ್ನೆ ಇರೋ ರೀಜನಲ್ ಮಾತ್ರ, ಸೈಕಲ್‌ಗೆ ದಿನಕ್ಕೆ ಮೂರೂವರೆ ಯೂರೊ ಬೇರೆ. ಒಂದು ಟ್ರೈನಲ್ಲಿ ಸೈಕಲ್ ಜಾಗ ಬೆರಳೆಣಿಕೆ. 22 ಸೈಕಲ್ ಒಂದೇ ಟ್ರೈನಲ್ಲಿ ಹತ್ತಿಸ್ತೀವಿ ಅಂದವರು ಸ್ಟೇಷನ್‌ಗೆ ಹೋಗಿ ಒಂದು ಸಲ ನೋಡಿ ಬನ್ನಿ. ಆರಾರು ಜನದ ಗುಂಪು, ಬೇರೆ ಬೇರೆ ಟ್ರೈನು, ಪ್ರತಿ ಗುಂಪಲ್ಲೂ ಪಂಕ್ಚರ್ ಹಾಕೋಕೆ ಬರೋ ಒಬ್ಬರು. ಪ್ರತಿ ಗುಂಪಿನ ವೇಗ ಅದರ ಕೊನೆಯವಳ ವೇಗ. ಕೊನೆಯಲ್ಲಿ ಬರೋಕೆ ನಾನು ಈಗಲೇ ಹೆಸರು ಕೊಟ್ಟಿದೀನಿ.

ಹೊಸ ಪೋಲ್ ಸ್ಟೋರಿಯಲ್ಲಿ ಹಾಕಿದೀನಿ, ನಾಳೆ ರಾತ್ರಿವರೆಗೆ ಇರುತ್ತೆ. ಹಳೇ ಪೋಲಲ್ಲಿ ‘ಹೌದು’ ಒತ್ತಿದವರು ಅಲ್ಲಿ ಹೋಗಿ ತೆಗೀರಿ. ಬಾಡಿಗೆ ಸೈಕಲ್ ಬೇಕಾದವರು, ಸೈಜ್ ಬರೆದು ಡಿಎಂ ಮಾಡಿ.

#ಮಾರೆಮ್ಮಾ #ಪೈನ್‌ಕಾಡು #ಸೈಕಲ್ #ಪೀಸಾಕನ್ನಡಿಗರು #ಪಿನ್‌ಹಾಕಬೇಡಿ